ಯುದ್ಧದ ಡಾಕ್ಯುಮೆಂಟರಿ ನೋಡಿ ಮುಗಿದ ಮೇಲೆ ನಮ್ಮೊಳಗೆ ಏನು ಉಳಿಯುತ್ತದೆ?

ನೀಲಿಪರದೆ

ಒಂದು ವಿಷಯ ತುಂಬಾ ದಿನದಿಂದ ತಲೆ ತಿನ್ನುತ್ತಿದೆ. ಇಲ್ಲಿ ಡಾಕ್ಯುಮೆಂಟರಿ ನೋಡುವವರು ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಇತ್ತೀಚೆಗೆ ಯುದ್ಧದ ಬಗ್ಗೆ ಒಂದರ ಹಿಂದೆ ಒಂದು ನೋಡಿದೆ. ಇವುಗಳಲ್ಲಿ ಎರಡು ಜಾತಿ. ಒಂದು, ಯುದ್ಧ ನಡೆಯುವ ಜಾಗದಲ್ಲೇ ನಿಂತು ತೆಗೆದದ್ದು. ಬಾಂಬು, ಆಸ್ಪತ್ರೆ, ನೆಲಮಾಳಿಗೆ, ಅಳುವ ತಾಯಿ. ಇನ್ನೊಂದು, ಆಯುಧ ಮಾರುವವರ ಬಗ್ಗೆ. ಸೂಟು ಹಾಕಿದವರು, ಶಸ್ತ್ರಾಸ್ತ್ರ ಮೇಳ, ಮಂತ್ರಿಗಳು, ದಲ್ಲಾಳಿಗಳು, ಕಮಿಷನ್.

ಮೊದಲನೆಯದು ನೋಡಿದಾಗ ಗಂಟಲು ಕಟ್ಟುತ್ತದೆ. ಆದರೆ ಒಂದೆರಡು ದಿನಕ್ಕೆ ಎಲ್ಲ ಮಾಮೂಲಿ. ಎರಡನೆಯದು ನೋಡಿದಾಗ ಅಳು ಬರುವುದಿಲ್ಲ, ಮೈ ಉರಿಯುತ್ತದೆ. ಆಮೇಲೆ ಆ ಉರಿ ಹೋಗಿ ‘ಎಲ್ಲರೂ ಕಳ್ಳರೇ ಬಿಡು’ ಅನ್ನುವ ಭಾವ ಬಂದು ಕೂರುತ್ತದೆ. ಅದು ಮಾತ್ರ ಏಳುವುದಿಲ್ಲ. ಎಲ್ಲೋ ಶಾಂತಿ ಮಾತುಕತೆ ಅಂತ ಸುದ್ದಿ ಬಂದರೂ ‘ಯಾರಿಗೋ ದೊಡ್ಡ ಆರ್ಡರ್ ಸಿಕ್ಕಿರಬೇಕು’ ಅಂತಲೇ ಮನಸ್ಸು ಓಡುತ್ತದೆ. ಹಾಗೆ ಯೋಚಿಸುವಾಗ ನಾನೇನೋ ಭಾರಿ ಬುದ್ಧಿವಂತ ಅಂತಲೂ ಒಳಗೊಳಗೇ ಅನ್ನಿಸುತ್ತದೆ.

ನಿಮಗೂ ಹೀಗೆ ಆಗುತ್ತದಾ? ಇಂಥವನ್ನು ನೋಡುವುದರಿಂದ ನಿಜಕ್ಕೂ ನಮಗೆ ಏನಾಗುತ್ತದೆ?

ಅಡಿಬರಹ

ನಾನು ಸಬ್‌ಟೈಟಲ್ ಕೂರಿಸುವ ಕೆಲಸ ಮಾಡುತ್ತೇನೆ. ಯುದ್ಧದ ಫುಟೇಜ್ ನನಗೆ ಸಂಬಳದ ಕೆಲಸ. ಹಾಗಾಗಿ ನನ್ನ ಉತ್ತರ ಸ್ವಲ್ಪ ಬೇರೆ.

ನೋಡುವವರು ಒಂದು ದೃಶ್ಯವನ್ನು ಒಂದು ಸಲ ನೋಡುತ್ತಾರೆ. ನಮ್ಮದು ಹಾಗಲ್ಲ. ಪರದೆಯ ಕೆಳಗೆ ಧ್ವನಿಯ ಅಲೆಗಳು ಗೆರೆಗೆರೆಯಾಗಿ ಕಾಣುತ್ತಿರುತ್ತವೆ. ಮಾತು ಶುರುವಾಗುವ ಫ್ರೇಮಿಗೆ ಸರಿಯಾಗಿ ಅಕ್ಷರ ಬರಬೇಕು, ಮುಗಿಯುವ ಫ್ರೇಮಿಗೆ ಹೋಗಬೇಕು. ಒಂದು ಕ್ಲಿಪ್ ಇತ್ತು. ಒಬ್ಬ ಹೆಂಗಸು ಕಿರುಚುತ್ತಿದ್ದಳು. ಕಿರುಚಾಟಕ್ಕೆ ಸಬ್‌ಟೈಟಲ್ ಬೇಕಿಲ್ಲ. ಆದರೆ ಅದರ ಮಧ್ಯೆ ಆಕೆ ಒಂದು ಹೆಸರು ಕರೆಯುತ್ತಾಳೆ. ಆ ಹೆಸರು ಬರೆಯಲೇಬೇಕು. ಅದು ಏನು ಹೆಸರು ಅಂತ ಕೇಳಿಸಿಕೊಳ್ಳಲು ಎರಡೇ ಎರಡು ಸೆಕೆಂಡಿನ ತುಂಡನ್ನು ಹಿಂದೆ ಮುಂದೆ ಓಡಿಸುತ್ತಲೇ ಇದ್ದೆ. ಚಿತ್ರ ಈಗ ನೆನಪಿಲ್ಲ. ಆ ಹೆಸರು, ಆ ಸ್ವರ ನೆನಪಿದೆ.

ಈ ಕೆಲಸದಲ್ಲಿರುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ: ಕಣ್ಣಿಗಿಂತ ಕಿವಿಯಿಂದ ಹೋದದ್ದು ಆಳಕ್ಕೆ ಇಳಿಯುತ್ತದೆ. ಅದಕ್ಕೇ ನಾವು ಮೊದಲ ಸುತ್ತು ಮ್ಯೂಟ್ ಮಾಡಿ ನೋಡುತ್ತೇವೆ, ಕಿಟಕಿ ಚಿಕ್ಕದು ಮಾಡಿಕೊಳ್ಳುತ್ತೇವೆ, ಮುಂದೆ ಏನು ಬರುತ್ತದೆ ಅಂತ ಗೊತ್ತಾದ ಮೇಲೆ ಧ್ವನಿ ಹಾಕುತ್ತೇವೆ. ತಿಳಿಯದೆ ಬರುವುದು ಜಾಸ್ತಿ ಹೊಡೆಯುತ್ತದೆ.

ಸುದ್ದಿಮನೆಗಳಲ್ಲಿ ಕೂತು ಜನ ಕಳಿಸುವ ಹಿಂಸೆಯ ವಿಡಿಯೋಗಳನ್ನು ಸೋಸುವವರ ಮೇಲೆ 2014ರಲ್ಲಿ ಒಂದು ಅಧ್ಯಯನ ಬಂತು. ಒಂದೇ ಸಲ ತುಂಬಾ ಹೊತ್ತು ನೋಡಿದವರಿಗಿಂತ, ಪದೇ ಪದೇ ನೋಡಬೇಕಾದವರಲ್ಲಿ ತೊಂದರೆ ಜಾಸ್ತಿ ಕಂಡಿತ್ತು. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ವೈದ್ಯರು ಬಳಸುವ ಕೈಪಿಡಿ ಡಿಎಸ್‌ಎಂ-5, 2013ರದ್ದು. ಅದರಲ್ಲೂ ಟಿವಿ, ಸಿನಿಮಾ, ಫೋಟೋ ಮೂಲಕ ನೋಡಿದ್ದನ್ನು ಪಿಟಿಎಸ್‌ಡಿ (ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ) ತರುವ ಆಘಾತ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಕೆಲಸದ ಭಾಗವಾಗಿ ನೋಡಿದ್ದರೆ ಹಿಡಿಯುತ್ತಾರೆ.

ಹಾಗಾಗಿ ನೀಲಿಪರದೆ ಅವರೇ, ಎರಡು ದಿನಕ್ಕೆ ಮಾಮೂಲಿಗೆ ಬಂದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಬರದಿದ್ದರೆ ಅದು ಕಷ್ಟ.

ಸುಮ್ನೆಒಬ್ಬ

ನೋಡಿ ಅತ್ತರೆ ಯಾರಿಗೆ ಏನು ಬಂತು? ಅಳು ಬರುತ್ತದೆ ಅಂದರೆ ನೋಡಬೇಡಿ. ಮುಗಿಯಿತು.

ಅಡಿಬರಹ

ತೆಗೆದವರಿಗೇ ಆ ಪ್ರಶ್ನೆ ಇದೆ ಸರ್. ರಷ್ಯಾ ಮುತ್ತಿಗೆ ಹಾಕಿದ ಉಕ್ರೇನ್ ನಗರದ ಬಗ್ಗೆ ‘20 ಡೇಸ್ ಇನ್ ಮರಿಯುಪೋಲ್’ ಮಾಡಿದ ಮ್ಸ್ತಿಸ್ಲಾವ್ ಚೆರ್ನೋವ್ 2024ರಲ್ಲಿ ಆಸ್ಕರ್ ವೇದಿಕೆ ಮೇಲೆ ನಿಂತು, ಈ ಚಿತ್ರ ಮಾಡುವ ಸಂದರ್ಭವೇ ಬರಬಾರದಿತ್ತು ಅನ್ನುವ ಅರ್ಥದಲ್ಲಿ ಮಾತಾಡಿದರು. ಅದೇ ಚಿತ್ರದಲ್ಲಿ ಮಗುವನ್ನು ಉಳಿಸಲಾಗದ ವೈದ್ಯರೊಬ್ಬರು ಕ್ಯಾಮೆರಾ ಬಂದ್ ಮಾಡು ಅನ್ನುವುದಿಲ್ಲ, ಚಿತ್ರೀಕರಿಸುತ್ತಲೇ ಇರು, ಜಗತ್ತಿಗೆ ತೋರಿಸು ಅನ್ನುತ್ತಾರೆ. ಅಲ್ಲಿದ್ದವರು ತೋರಿಸು ಅಂದದ್ದನ್ನು ಇಲ್ಲಿ ಕೂತವರು ‘ನೋಡಬೇಡಿ, ಮುಗಿಯಿತು’ ಅನ್ನುವುದು ಸುಲಭ.

ಮಾತಿನಮದ್ದು

ಕೌನ್ಸೆಲಿಂಗ್ ಕೆಲಸ ನನ್ನದು. ಸುಮ್ನೆಒಬ್ಬ ಕೇಳಿದ್ದು ಒರಟಾಗಿದ್ದರೂ ಸರಿಯಾದ ಪ್ರಶ್ನೆ.

ಬೇರೆಯವರ ನೋವು ನೋಡಿದಾಗ ಎರಡು ರೀತಿಯಲ್ಲಿ ಸ್ಪಂದಿಸಬಹುದು. ಒಂದು, ಅವರ ನೋವು ನಮ್ಮದೇ ಆಗಿಬಿಡುವುದು. ಇನ್ನೊಂದು, ಅವರಿಗೆ ಒಳ್ಳೆಯದಾಗಲಿ ಅಂತ ಮನಸ್ಸು ಅವರ ಕಡೆ ಹೊರಡುವುದು. ನೋಡಲು ಎರಡೂ ಒಂದೇ ಥರ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಟಾನಿಯಾ ಸಿಂಗರ್, ಓಲ್ಗಾ ಕ್ಲಿಮೆಕಿ ತಂಡ ಇದನ್ನು ಪರೀಕ್ಷೆ ಮಾಡಿತು. ತಮಾಷೆ ನೋಡಿ, ಅವರು ತೋರಿಸಿದ್ದೂ ಸುದ್ದಿ ಮತ್ತು ಡಾಕ್ಯುಮೆಂಟರಿಗಳಿಂದ ತೆಗೆದ ತುಂಡುಗಳನ್ನೇ. ನೋವನ್ನು ಹಂಚಿಕೊಳ್ಳುವ ತರಬೇತಿ ಪಡೆದವರಿಗೆ ಸಂಕಟ ಜಾಸ್ತಿಯಾಯಿತು. ಆಮೇಲೆ ಅದೇ ಜನಕ್ಕೆ ಕರುಣೆಯ ತರಬೇತಿ ಕೊಟ್ಟಾಗ ಸಂಕಟ ಇಳಿಯಿತು, ಒಳ್ಳೆಯ ಭಾವನೆಗಳು ಮೇಲೆ ಬಂದವು. ಎದುರಿಗಿದ್ದ ನೋವು ಮಾತ್ರ ಅದೇ ಬಗೆಯದು.

ಸಂಕಟ ಜಾಸ್ತಿ ಆದವರು ಏನು ಮಾಡುತ್ತಾರೆ? ಟಿವಿ ಆಫ್ ಮಾಡುತ್ತಾರೆ. ಕೆಟ್ಟವರು ಅಂತಲ್ಲ. ತಮ್ಮ ಸಂಕಟವನ್ನು ಮೊದಲು ನೋಡಿಕೊಳ್ಳಬೇಕಲ್ಲ.

2013ರಲ್ಲಿ ಬೋಸ್ಟನ್ ಮ್ಯಾರಥಾನ್ ಮೇಲೆ ಬಾಂಬ್ ದಾಳಿ ಆಯಿತು. ಅದರ ನಂತರದ ವಾರ ದಿನಕ್ಕೆ 6 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಅದರದೇ ಸುದ್ದಿ ನೋಡಿದವರಲ್ಲಿ, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತಲೂ ಹೆಚ್ಚಿನ ಒತ್ತಡದ ಲಕ್ಷಣ ಕಂಡವು. ಒಂದೂವರೆ ಗಂಟೆಯ ಡಾಕ್ಯುಮೆಂಟರಿಗೂ ಇಡೀ ದಿನ ಓಡುವ ಸುದ್ದಿಗೂ ವ್ಯತ್ಯಾಸ ಇದೆ. ಡಾಕ್ಯುಮೆಂಟರಿ ಎಲ್ಲೋ ಒಂದು ಕಡೆ ಮುಗಿಯುತ್ತದೆ. ಅದೇ ಅದರ ದೊಡ್ಡ ಗುಣ ಅಂತ ನನಗೆ ಅನ್ನಿಸುತ್ತದೆ. ಮುಗಿದ ತಕ್ಷಣ ‘ಮುಂದಿನದು 5 ಸೆಕೆಂಡಿನಲ್ಲಿ’ ಅಂತ ಬರುವುದಿದೆಯಲ್ಲ, ಅದನ್ನು ಆಫ್ ಮಾಡಿ ಇಡಿ.

ಇನ್ನೊಂದು. 2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಅನ್ನುವವರು ಪ್ರಕಟಿಸಿದ ಪ್ರಯೋಗ. ಒಂದು ಗುಂಪಿಗೆ ರೋಕಿಯಾ ಎಂಬ ಒಬ್ಬ ಹುಡುಗಿಯ ಕಥೆ ಹೇಳಿ ದಾನ ಕೇಳಿದರು. ಇನ್ನೊಂದಕ್ಕೆ ಲಕ್ಷಾಂತರ ಜನರ ಹಸಿವಿನ ಅಂಕಿಅಂಶ. ಮೂರನೆಯದಕ್ಕೆ ಎರಡೂ ಸೇರಿಸಿ. ರೋಕಿಯಾ ಒಬ್ಬಳೇ ಇದ್ದಾಗ ಜನ ಜಾಸ್ತಿ ಕೊಟ್ಟರು. ಅಂಕಿಅಂಶ ಪಕ್ಕಕ್ಕೆ ಬಂದ ಕೂಡಲೇ ಕೈ ಹಿಂದೆ ಸರಿಯಿತು. ಆಯುಧ ವ್ಯಾಪಾರದ ಡಾಕ್ಯುಮೆಂಟರಿಗಳು ಯಾಕೆ ಅಳಿಸುವುದಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ರೋಕಿಯಾ ಇರುವುದಿಲ್ಲ. ಸೊನ್ನೆಗಳಿರುತ್ತವೆ.

ಕತ್ತರಿಕೆಲಸ

ಎಡಿಟಿಂಗ್ ಮಾಡುವವನು ನಾನು. ಅಡಿಬರಹ ಅವರು ಧ್ವನಿ ಅಂದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಹಳೆಯ ಯುದ್ಧದ ಫುಟೇಜಿನಲ್ಲಿ ಹೆಚ್ಚಿನದು ಮೂಕಿ. ನೀವು ಕೇಳುವ ಸ್ಫೋಟ, ಬೂಟಿನ ಸದ್ದು, ಗುಂಡಿನ ಸಿಳ್ಳೆ, ಎಲ್ಲ ಆಮೇಲೆ ಸ್ಟುಡಿಯೋದಲ್ಲಿ ಹಾಕಿದ್ದು. ಸುಳ್ಳು ಅಂತ ಹೇಳುತ್ತಿಲ್ಲ. ಆದರೆ ನಿಮ್ಮ ಎದೆ ಬಡಿತವನ್ನು ಏರಿಸಿದ್ದು ಯುದ್ಧವಲ್ಲ, ಒಬ್ಬ ಸೌಂಡ್ ಡಿಸೈನರ್.

ಕಟ್ ಅನ್ನುವುದೂ ಭಯಂಕರ ಆಯುಧವೇ. ವಿಯೆಟ್ನಾಂ ಬಗ್ಗೆ 1974ರಲ್ಲಿ ಬಂದ ‘ಹಾರ್ಟ್ಸ್ ಅಂಡ್ ಮೈಂಡ್ಸ್’ನಲ್ಲಿ ಒಂದು ಶವಸಂಸ್ಕಾರ ಇದೆ. ಮನೆಯವರ ಗೋಳು, ಗುಂಡಿಗೆ ಇಳಿಯಲು ಹೊರಟ ಹೆಂಗಸನ್ನು ಹಿಡಿದೆಳೆಯುತ್ತಾರೆ. ಅಲ್ಲಿಂದ ನೇರ ಕಟ್. ಅಮೆರಿಕದ ಜನರಲ್ ವೆಸ್ಟ್‌ಮೋರ್ಲೆಂಡ್ ಕೂತು, ಪೂರ್ವ ದೇಶದವರು ಪ್ರಾಣಕ್ಕೆ ನಮ್ಮಷ್ಟು ಬೆಲೆ ಕೊಡುವುದಿಲ್ಲ ಅನ್ನುತ್ತಾನೆ. ಸಿನಿಮಾ ತಾನಾಗಿ ಒಂದು ಮಾತೂ ಆಡುವುದಿಲ್ಲ. ಆ ಜೋಡಣೆ ನೋಡಿದವರು ಯಾರೂ ಮರೆಯುವುದಿಲ್ಲ. ನಾನೂ ಮರೆತಿಲ್ಲ. ಆದರೆ ಎಡಿಟರ್ ಆಗಿ ನನಗೆ ಗೊತ್ತು, ಅಲ್ಲಿ ನನಗೆ ಯೋಚಿಸಲು ಜಾಗವನ್ನೇ ಬಿಟ್ಟಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಹೋದವನು ಜರ್ಮನಿಯ ನಿರ್ದೇಶಕ ಹಾರುನ್ ಫರೋಕಿ. 1969ರಲ್ಲಿ ನೇಪಾಮ್ ಬಗ್ಗೆ, ಅಂದರೆ ಮೈಗೆ ಅಂಟಿಕೊಂಡು ಉರಿಯುವ ಬಾಂಬಿನ ಬಗ್ಗೆ, ಒಂದು ಚಿಕ್ಕ ಚಿತ್ರ ಮಾಡಿದ. ಖಾಲಿ ಮೇಜಿನ ಮುಂದೆ ತಾನೇ ಕೂತು, ನೇಪಾಮಿನಿಂದ ಸುಟ್ಟುಹೋದ ಒಬ್ಬ ವಿಯೆಟ್ನಾಮಿಯ ಹೇಳಿಕೆಯನ್ನು ಭಾವವಿಲ್ಲದ ದನಿಯಲ್ಲಿ ಓದುತ್ತಾನೆ. ಆಮೇಲೆ ಪ್ರೇಕ್ಷಕರನ್ನು ನೋಡಿ ಹೇಳುವುದರ ಸಾರ ಇಷ್ಟು: ಸುಟ್ಟ ದೇಹದ ಚಿತ್ರ ತೋರಿಸಿದರೆ ನೀವು ಕಣ್ಣು ಮುಚ್ಚುತ್ತೀರಿ. ಮೊದಲು ಚಿತ್ರಕ್ಕೆ, ಆಮೇಲೆ ಅದರ ನೆನಪಿಗೆ, ಆಮೇಲೆ ನಡೆದ ಸಂಗತಿಗೆ, ಕೊನೆಗೆ ಇದಕ್ಕೆಲ್ಲ ಇರುವ ಹಿನ್ನೆಲೆಗೇ. ಹಾಗಂದು ಉರಿಯುವ ಸಿಗರೇಟನ್ನು ತನ್ನ ತೋಳಿಗೆ ಒತ್ತುತ್ತಾನೆ. ಸಿಗರೇಟು ಉರಿಯುವುದು 400 ಡಿಗ್ರಿಯಲ್ಲಿ, ನೇಪಾಮ್ 3000 ಡಿಗ್ರಿಯಲ್ಲಿ ಅಂತ ಒಂದು ಧ್ವನಿ ಹೇಳುತ್ತದೆ. ಅಷ್ಟೇ. ಆಮೇಲೆ ಚಿತ್ರ ಆಸ್ಪತ್ರೆಗೆ ಹೋಗುವುದಿಲ್ಲ. ಅದನ್ನು ತಯಾರಿಸುವ ಕಂಪನಿಯ ಲ್ಯಾಬಿಗೆ ಹೋಗುತ್ತದೆ.

ಐವತ್ತು ವರ್ಷ ದಾಟಿದರೂ ಇದಕ್ಕಿಂತ ಚೆನ್ನಾಗಿ ಯಾರೂ ಈ ಸಮಸ್ಯೆಯನ್ನು ಬಿಡಿಸಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಜಗಳಕ್ಕೆ ಸಿದ್ಧ.

ಹಳೇಬೂಟು

ಜಗಳ ಆಮೇಲೆ. ಸೇನೆಯಲ್ಲಿದ್ದು ಬಂದವನು ನಾನು, ನನ್ನದೂ ಒಂದಿಷ್ಟು ಕೇಳಿ.

ಯುದ್ಧವಿರೋಧಿ ಚಿತ್ರ ಅಂತ ನೀವು ಕಣ್ಣೀರು ಹಾಕಿ ನೋಡುವುದನ್ನೇ ಬ್ಯಾರಕ್ಕಿನಲ್ಲಿ ಹುಡುಗರು ಸಿಳ್ಳೆ ಹಾಕಿಕೊಂಡು ನೋಡುತ್ತಾರೆ. ಹತ್ತೊಂಬತ್ತರ ಹುಡುಗನಿಗೆ ಹೆಲಿಕಾಪ್ಟರ್ ಇಳಿಯುವುದು ಕಂಡರೆ ಮೈ ಜುಮ್ ಅನ್ನುತ್ತದೆ. ನಿರ್ದೇಶಕನ ಉದ್ದೇಶ ಏನಿತ್ತು ಅಂತ ಅವನು ಕೇಳುವುದಿಲ್ಲ. ಈಗಂತೂ ಡ್ರೋನ್ ಕ್ಯಾಮೆರಾದ ತುಣುಕಿಗೆ ಹಾಡು ಹಚ್ಚಿ ಫೋನಿಗೆ ಬರುತ್ತದೆ. ಮೇಲಿನಿಂದ ಕಾಣುವ ಮನುಷ್ಯ ಇರುವೆ ಗಾತ್ರ. ಸದ್ದೂ ಇಲ್ಲ.

ಯಾವ ಡಾಕ್ಯುಮೆಂಟರಿಯಲ್ಲೂ ಸರಿಯಾಗಿ ಬರದ ಸಂಗತಿ ಒಂದಿದೆ. ಬೇಜಾರು. ಕಾಯುವುದು, ಕಾಯುವುದು, ಮತ್ತೂ ಕಾಯುವುದು. ಕಾಲ್ಚೀಲ ಒಣಗಿಸುವುದು. ಅದನ್ನು ಕತ್ತರಿಸಿ ಬಿಸಾಕಿದ ಮೇಲೆ ಉಳಿಯುವುದು ಬರೀ ಗುಂಡಿನ ಸದ್ದು. ಕತ್ತರಿಕೆಲಸ ಅವರೇ, ತಪ್ಪು ತಿಳಿಯಬೇಡಿ, ನಿಮ್ಮ ಕೆಲಸ ಹಾಗೆ. ಆದರೆ ನೋಡುವವನಿಗೆ ಯುದ್ಧ ಅಂದರೆ ಯಾವಾಗಲೂ ಏನೋ ನಡೆಯುತ್ತಿರುವ ಜಾಗ ಅನ್ನಿಸುತ್ತದೆ.

ಲೇತ್‌ಮೆಷಿನ್

ಫರೋಕಿಯ ಚಿತ್ರದ ಕೊನೆ ಯಾರೂ ಹೇಳಲಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ.

ಕೊನೆಯಲ್ಲಿ ಒಬ್ಬ ಕಾರ್ಮಿಕ ಬರುತ್ತಾನೆ. ನಾನು ವ್ಯಾಕ್ಯೂಮ್ ಕ್ಲೀನರ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತೇನೆ, ಹೆಂಡತಿಗೆ ಒಂದು ಬೇಕಿತ್ತು, ಅದಕ್ಕೆ ದಿನಾ ಒಂದೊಂದು ಬಿಡಿಭಾಗ ಮನೆಗೆ ಒಯ್ಯುತ್ತೇನೆ ಅನ್ನುತ್ತಾನೆ. ಆದರೆ ಹೇಗೆ ಜೋಡಿಸಿದರೂ ಅದು ಮೆಷಿನ್ ಗನ್ ಆಗುತ್ತದೆ. ಆಮೇಲೆ ಒಬ್ಬ ವಿದ್ಯಾರ್ಥಿ ಬರುತ್ತಾನೆ. ಅವನು ಅದು ಗನ್ ಫ್ಯಾಕ್ಟರಿ ಅಂತ ಸಾಬೀತು ಮಾಡಲು ಭಾಗ ಕದಿಯುತ್ತಾನೆ, ಅವನಿಗೆ ವ್ಯಾಕ್ಯೂಮ್ ಕ್ಲೀನರ್ ಆಗುತ್ತದೆ.

ನಾನು ಬಿಡಿಭಾಗ ತಿರುಗಿಸುವ ಕೆಲಸದವನು. ನಮ್ಮ ಕೈಗೆ ಬರುವುದು ಒಂದು ಡ್ರಾಯಿಂಗ್. ಬಲಗಡೆ ಕೆಳಮೂಲೆಯಲ್ಲಿ ಪಾರ್ಟ್ ನಂಬರ್, ಮೆಟೀರಿಯಲ್ ಗ್ರೇಡ್, ಟಾಲರೆನ್ಸ್. ಒಳವ್ಯಾಸ ಇಷ್ಟು, 10 ಮೈಕ್ರಾನ್ ಆಚೀಚೆ ನಡೆಯುತ್ತದೆ. ಥ್ರೆಡ್ ಇಂಥದ್ದು. ಇದು ಯಾವುದರ ಒಳಗೆ ಕೂರುತ್ತದೆ ಅಂತ ಡ್ರಾಯಿಂಗ್ ಹೇಳುವುದಿಲ್ಲ. ಹೈಡ್ರಾಲಿಕ್ ವಾಲ್ವ್ ಇರಬಹುದು. ಬೇರೆ ಏನಾದರೂ ಇರಬಹುದು. ಗೇಜ್ ಹಾಕಿ ನೋಡುತ್ತೇವೆ, ‘ಗೋ’ ಒಳಗೆ ಹೋಗಬೇಕು, ‘ನೋ ಗೋ’ ಹೋಗಬಾರದು. ಪಾಸ್. ಟ್ರೇಗೆ. ಮುಂದಿನದು.

ಆಯುಧ ಉದ್ಯಮದ ಡಾಕ್ಯುಮೆಂಟರಿ ನೋಡಿದಾಗಲೆಲ್ಲ ನನಗೆ ಒಂದು ಸಿಟ್ಟು. ಅದರಲ್ಲಿ ಮೇಲೆ ಸೂಟಿನವರು, ಕೆಳಗೆ ಹೆಣಗಳು. ಮಧ್ಯೆ ಇರುವ ನಾವು ಎಲ್ಲಿ? ತೋರಿಸಿದರೂ ಸ್ಲೋ ಮೋಷನ್‌ನಲ್ಲಿ ಕಿಡಿ ಹಾರುವುದು, ಹಿಂದೆ ಭಯಾನಕ ಸಂಗೀತ. ನೋಡಿದವರಿಗೆ ಅನ್ನಿಸುವುದು, ಇದೊಂದು ರಾಕ್ಷಸ ಯಂತ್ರ, ಯಾರಿಂದಲೂ ನಿಲ್ಲಿಸಲಾಗದು ಅಂತ. ನೀಲಿಪರದೆ ಅವರೇ, ನಿಮ್ಮ ‘ಎಲ್ಲರೂ ಕಳ್ಳರೇ ಬಿಡು’ ಅಲ್ಲಿಂದಲೇ ಬಂದದ್ದು ಅಂತ ನನ್ನ ಗುಮಾನಿ.

‘ನೇ ಪಸರಾನ್’ ನೋಡಿ. 2018ರದ್ದು. 1973ರ ಸೆಪ್ಟೆಂಬರ್ 11ರಂದು ಚಿಲಿಯಲ್ಲಿ ಸೇನೆ ದಂಗೆ ಎದ್ದು, ಅಧ್ಯಕ್ಷರ ಅರಮನೆ ಮೇಲೆ ಹಾಕರ್ ಹಂಟರ್ ವಿಮಾನಗಳಿಂದ ದಾಳಿ ಮಾಡಿತು. ಆ ವಿಮಾನಗಳ ಎಂಜಿನ್ ರಿಪೇರಿಗೆ ಬರುತ್ತಿದ್ದದ್ದು ಸ್ಕಾಟ್‌ಲೆಂಡಿನ ಈಸ್ಟ್ ಕಿಲ್‌ಬ್ರೈಡ್‌ನ ರೋಲ್ಸ್ ರಾಯ್ಸ್ ಕಾರ್ಖಾನೆಗೆ. 1974ರಲ್ಲಿ ಅಲ್ಲಿನ ಕೆಲಸಗಾರರೊಬ್ಬರು ಎಂಜಿನ್ ಮೇಲಿನ ಗುರುತು ನೋಡಿ ಇದು ಚಿಲಿಯದು ಅಂತ ತಿಳಿದು, ನಾನು ಮುಟ್ಟುವುದಿಲ್ಲ ಅಂದರು. ಉಳಿದವರೂ ಜೊತೆಗೆ ನಿಂತರು. ಎಂಜಿನ್‌ಗಳು ನಾಲ್ಕು ವರ್ಷ ಹೊರಗೆ ತುಕ್ಕು ಹಿಡಿಯುತ್ತಾ ಬಿದ್ದಿದ್ದವು. ಅದರಿಂದ ಏನಾದರೂ ಆಯಿತಾ ಅಂತ ಆ ಕೆಲಸಗಾರರಿಗೆ ದಶಕಗಳ ಕಾಲ ಗೊತ್ತೇ ಇರಲಿಲ್ಲ. ಆ ಚಿತ್ರದ ತಂಡ ಹೋಗಿ ಹುಡುಕಿ ಅವರಿಗೆ ಹೇಳುತ್ತದೆ. ಈಗ ಮುದುಕರಾದ ಅವರಿಗೆ ಚಿಲಿ ಸರ್ಕಾರದ ಗೌರವವೂ ಬಂತು.

ಆ ಚಿತ್ರದಲ್ಲಿ ರಕ್ತ ಕಡಿಮೆ, ಹಳೆಯ ಎಂಜಿನ್, ಕುರ್ಚಿ ಮೇಲೆ ಕೂತ ಅಜ್ಜಂದಿರು. ನೋಡಿದ ಮೇಲೆ ಮಾರನೇ ದಿನ ಶಿಫ್ಟಿಗೆ ಹೋಗಿ ಡ್ರಾಯಿಂಗ್ ಕೈಗೆತ್ತಿಕೊಂಡಾಗ ನಾನು ಆ ಮೂಲೆಯನ್ನು ಬೇರೆ ಥರ ನೋಡಿದೆ.

ನೀಲಿಪರದೆ

ಲೇತ್‌ಮೆಷಿನ್, ನಿಮ್ಮ ಗುಮಾನಿ ಸರಿ ಇರಬಹುದು. ಒಂದು ಕೇಳಲಾ, ಮುಜುಗರ ಆದರೆ ಬಿಡಿ. ಗೊತ್ತಾದರೆ ನೀವು ಬಿಟ್ಟುಬಿಡುತ್ತೀರಾ?

ಲೇತ್‌ಮೆಷಿನ್

ಮನೆ ಬಾಡಿಗೆ, ಮಗಳ ಫೀಸು. ಒಬ್ಬನೇ ಬಿಟ್ಟರೆ ನಾಳೆ ಇನ್ನೊಬ್ಬ ಬಂದು ಮೆಷಿನ್ ಮುಂದೆ ನಿಲ್ಲುತ್ತಾನೆ. ಸ್ಕಾಟ್‌ಲೆಂಡಿನವರ ಹಿಂದೆ ಯೂನಿಯನ್ ಇತ್ತು. ಅದನ್ನು ಆ ಚಿತ್ರ ಚೆನ್ನಾಗಿ ತೋರಿಸುತ್ತದೆ, ಉಳಿದವು ತೋರಿಸುವುದಿಲ್ಲ. ನಿಮ್ಮ ಪ್ರಶ್ನೆಗೆ ನೇರ ಉತ್ತರ ನನ್ನ ಹತ್ತಿರ ಈಗ ಇಲ್ಲ.

ಫೈಲುಗುಮಾಸ್ತ

ರಫ್ತು ಕಾಗದಪತ್ರದ ಕೆಲಸದಲ್ಲಿ ಬಹಳ ವರ್ಷ ಇದ್ದೆ. ಆಯುಧ ಅಂತ ಅಲ್ಲ, ಎಲ್ಲ ಬಗೆಯ ಸರಕು. ಆದರೆ ಈ ವ್ಯವಹಾರದ ಹಾದಿ ಗೊತ್ತು. ಡಾಕ್ಯುಮೆಂಟರಿಗಳು ಇದನ್ನು ಒಂದು ದೊಡ್ಡ ಕತ್ತಲ ಕೋಣೆ ಥರ ತೋರಿಸುತ್ತವೆ. ವಾಸ್ತವದಲ್ಲಿ ಅದು ತುಂಬಾ ಬಾಗಿಲುಗಳಿರುವ ಕಾರಿಡಾರ್. ಪ್ರತಿ ಬಾಗಿಲಲ್ಲೂ ಒಬ್ಬ ಸಹಿ ಹಾಕುತ್ತಾನೆ.

ಆಯುಧ ಹೊರಗೆ ಹೋಗಬೇಕಾದರೆ ಸರ್ಕಾರದ ರಫ್ತು ಪರವಾನಗಿ ಬೇಕು. ಕೊಳ್ಳುವವರಿಂದ ಎಂಡ್ ಯೂಸರ್ ಸರ್ಟಿಫಿಕೇಟ್ ಬೇಕು, ಅಂದರೆ ಈ ಮಾಲು ನಮಗೇ, ಬೇರೆಯವರಿಗೆ ದಾಟಿಸುವುದಿಲ್ಲ ಅನ್ನುವ ಬರಹ. ಕಳ್ಳದಾರಿಯಲ್ಲಿ ಹೋಗುವ ಆಯುಧದಲ್ಲಿ ಎಷ್ಟೋ ಸಲ ಈ ಕಾಗದವೇ ನಕಲಿ. ಮಧ್ಯೆ ದಲ್ಲಾಳಿ, ಅವನ ಕಮಿಷನ್ ‘ಕನ್ಸಲ್ಟೆನ್ಸಿ’ ಅನ್ನುವ ಹೆಸರಿನಲ್ಲಿ. ಆಮೇಲೆ ಆಫ್‌ಸೆಟ್. ನೀವು ನಮ್ಮ ವಿಮಾನ ಕೊಳ್ಳಿ, ನಾವು ನಿಮ್ಮಲ್ಲಿ ಇಷ್ಟು ಬಂಡವಾಳ ಹಾಕುತ್ತೇವೆ ಅನ್ನುವ ಭರವಸೆ. ಖರೀದಿಯನ್ನು ಜನರಿಗೆ ಒಪ್ಪಿಸಲು ಇದೇ ಅಸ್ತ್ರ. 1999ರಲ್ಲಿ ದಕ್ಷಿಣ ಆಫ್ರಿಕಾ ಯುದ್ಧವಿಮಾನ, ಜಲಾಂತರ್ಗಾಮಿ ಎಲ್ಲ ಕೊಂಡಾಗ ಸುಮಾರು 65 ಸಾವಿರ ಉದ್ಯೋಗ ಬರುತ್ತವೆ ಅಂತ ಹೇಳಿದ್ದರು. ಆ ಮಾತು ನಡೆಯಲಿಲ್ಲ. ಆ ವ್ಯವಹಾರದ ತನಿಖೆ ಸರಿಯಾಗಿ ಆಗಲಿ ಅಂತ ಹಟ ಹಿಡಿದ ಆಳುವ ಪಕ್ಷದ ಸಂಸದ ಆಂಡ್ರ್ಯೂ ಫೈನ್‌ಸ್ಟೈನ್ 2001ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಅವರ ಪುಸ್ತಕ ಆಧರಿಸಿ 2016ರಲ್ಲಿ ಬಂದದ್ದು ‘ಶ್ಯಾಡೋ ವರ್ಲ್ಡ್’. ನೀಲಿಪರದೆ ನೋಡಿದ ಪಟ್ಟಿಯಲ್ಲಿ ಅದೂ ಇರಬೇಕು.

ಆ ಚಿತ್ರದ ಮಾಹಿತಿಯ ಮೇಲೆ ನನಗೆ ತಕರಾರಿಲ್ಲ. ಅದು ಬಿಟ್ಟುಹೋಗುವ ಭಾವದ ಮೇಲೆ ಇದೆ. ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಜಗತ್ತಿನ ಸೇನಾ ವೆಚ್ಚ 2.7 ಲಕ್ಷ ಕೋಟಿ ಡಾಲರ್. ಇಂಥ ಅಂಕಿ ಕೇಳಿದ ತಕ್ಷಣ ನಮ್ಮಿಂದ ಏನಾದೀತು ಅಂತ ಅನ್ನಿಸುವುದು ಸಹಜ. ಆ ಭಾವ ಯಾರಿಗೆ ಅನುಕೂಲ ಹೇಳಿ? ಮಾರುವವನಿಗೆ. ‘ಎಲ್ಲರೂ ಕಳ್ಳರೇ’ ಅಂದುಕೊಂಡವನು ಯಾವ ಕಳ್ಳ, ಯಾವ ಫೈಲು, ಯಾವ ತಾರೀಕು ಅಂತ ಕೇಳುವುದನ್ನು ನಿಲ್ಲಿಸುತ್ತಾನೆ.

ಕೇಳಿದವರಿಂದ ಆದದ್ದೂ ಇದೆ. ಬ್ರಿಟನ್ನಿನ ಆಯುಧ ಕಂಪನಿ ಬಿಎಇ ಸೌದಿ ಜೊತೆ ಮಾಡಿಕೊಂಡ ಒಪ್ಪಂದದ ತನಿಖೆಯನ್ನು ಅಲ್ಲಿನ ಸರ್ಕಾರ 2006ರ ಡಿಸೆಂಬರಿನಲ್ಲಿ ಅರ್ಧಕ್ಕೇ ನಿಲ್ಲಿಸಿತು. ಇದು ಎಲ್ಲರಿಗೂ ನೆನಪಿರುತ್ತದೆ, ಯಾಕೆಂದರೆ ಸಿನಿಮಾಗೆ ಚೆನ್ನಾಗಿ ಒಗ್ಗುತ್ತದೆ. ಅದೇ ಬಿಎಇ ಕಂಪನಿ 2010ರಲ್ಲಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 40 ಕೋಟಿ ಡಾಲರ್ ದಂಡ ಕಟ್ಟಿತು. 2019ರ ಜೂನ್‌ನಲ್ಲಿ ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯ, ಯೆಮೆನ್ ಯುದ್ಧದಲ್ಲಿ ಬಳಕೆಯಾಗಬಹುದಾದ ಆಯುಧಗಳಿಗೆ ಸೌದಿಗೆ ಪರವಾನಗಿ ಕೊಟ್ಟ ರೀತಿ ಕಾನೂನಿಗೆ ಸರಿಯಲ್ಲ ಅಂತ ತೀರ್ಪು ಕೊಟ್ಟಿತು. ಹೌದು, 2020ರಲ್ಲಿ ಪರವಾನಗಿ ಮತ್ತೆ ಶುರುವಾಯಿತು, ಗೊತ್ತು. ಆದರೂ ಒಂದು ವರ್ಷ ಹೊಸ ಪರವಾನಗಿ ನಿಂತಿತ್ತು. 2019ರ ಮೇ ತಿಂಗಳಲ್ಲೇ ಇಟಲಿಯ ಜಿನೋವಾದಲ್ಲಿ ಬಂದರು ಕಾರ್ಮಿಕರು ಒಂದು ಸೌದಿ ಹಡಗಿಗೆ ಸರಕು ಹತ್ತಿಸಲು ಒಪ್ಪಲಿಲ್ಲ. ಲೇತ್‌ಮೆಷಿನ್ ಹೇಳಿದ ಸ್ಕಾಟ್‌ಲೆಂಡ್ ಕಥೆಯ ಜಾತಿಯೇ ಇದು.

ಒಳ್ಳೆಯ ಡಾಕ್ಯುಮೆಂಟರಿ ಅಂದರೆ ನನ್ನ ಲೆಕ್ಕದಲ್ಲಿ, ಬಾಗಿಲು ಎಲ್ಲಿದೆ ಅಂತ ತೋರಿಸುವುದು. ಇಂಥ ದಿನ, ಇಂಥ ಮೇಜಿನ ಮೇಲೆ ಇದು ನಿಲ್ಲಬಹುದಿತ್ತು ಅಂತ. ಎಷ್ಟು ಅಳಿಸಿತು ಅನ್ನುವುದರ ಮೇಲೆ ನಾನು ಅಂಕ ಕೊಡುವುದಿಲ್ಲ.

ಸುಮ್ನೆಒಬ್ಬ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಈಗ ನನಗೂ ಒಂದು ಪ್ರಶ್ನೆ ಇದೆ, ಕುಹಕ ಅಲ್ಲ.

‘20 ಡೇಸ್ ಇನ್ ಮರಿಯುಪೋಲ್’ ನೋಡಿದವನು ಏನಂತಾನೆ? ಈ ಜನಕ್ಕೆ ಬೇಗ ಆಯುಧ ಕಳಿಸಿ ಅಂತಾನೆ. ‘ಶ್ಯಾಡೋ ವರ್ಲ್ಡ್’ ನೋಡಿದವನು ಏನಂತಾನೆ? ಆಯುಧ ಕಳಿಸುವುದು ನಿಲ್ಲಿಸಿ ಅಂತಾನೆ. ಇಬ್ಬರೂ ಒಬ್ಬನೇ ಆಗಿರಬಹುದು, ಒಂದೇ ವಾರದಲ್ಲಿ ಎರಡೂ ನೋಡಿರಬಹುದು. ಎರಡೂ ಸಲ ಅವನ ಭಾವನೆ ನಿಜವೇ. ಹಾಗಾದರೆ ಇವು ನಮಗೆ ಯೋಚಿಸಲು ಕಲಿಸುತ್ತಿವೆಯಾ, ಇಲ್ಲ ತಳ್ಳುತ್ತಿವೆಯಾ? ಇಲ್ಲಿ ಎಲ್ಲರೂ ಡಾಕ್ಯುಮೆಂಟರಿ ಅಂದರೆ ಶಾಂತಿಯ ಪಕ್ಷ ಅಂತ ಅಂದುಕೊಂಡು ಮಾತಾಡುತ್ತಿದ್ದೀರಿ. 1916ರಲ್ಲಿ ಬ್ರಿಟನ್ ಮೊದಲ ಮಹಾಯುದ್ಧದ ಸೋಮ್ ಕದನದ ಚಿತ್ರ ಬಿಡುಗಡೆ ಮಾಡಿದಾಗ ಆರು ವಾರದಲ್ಲಿ ಸುಮಾರು 2 ಕೋಟಿ ಜನ ನೋಡಿದರಂತೆ. ಅತ್ತರು ಕೂಡ. ಕಂದಕದಿಂದ ಮೇಲೆ ಹತ್ತುವ ಆ ಪ್ರಸಿದ್ಧ ದೃಶ್ಯ ಯುದ್ಧಭೂಮಿಯದ್ದಲ್ಲ, ಹಿಂದೆ ತರಬೇತಿ ಜಾಗದಲ್ಲಿ ನಟಿಸಿ ತೆಗೆದದ್ದು. ಯುದ್ಧವೂ ಇನ್ನೆರಡು ವರ್ಷ ನಡೆಯಿತು.

ಕತ್ತರಿಕೆಲಸ

ಇದು ಈ ಚರ್ಚೆಯಲ್ಲೇ ಒಳ್ಳೆಯ ಪ್ರಶ್ನೆ, ಒಪ್ಪಿದೆ. ತಳ್ಳುವುದು ಸಿನಿಮಾದ ಸ್ವಭಾವ. ತಳ್ಳುತ್ತಿದ್ದೇನೆ ಅಂತ ತೋರಿಸಿಕೊಡುವವರು ಕಡಿಮೆ.

ಹಳೇಬೂಟು

ಮರಿಯುಪೋಲ್ ನೋಡಿ ಆಯುಧ ಕಳಿಸಿ ಅಂದವನೂ ಮೂರ್ಖನಲ್ಲ, ವ್ಯಾಪಾರ ನೋಡಿ ನಿಲ್ಲಿಸಿ ಅಂದವನೂ ಅಲ್ಲ. ಕೆಳಗೆ ಸಿಕ್ಕಿಕೊಂಡವನಿಗೆ ಎದುರಿನವನ ಟ್ಯಾಂಕ್ ನಿಲ್ಲಿಸುವ ಸಾಮಾನು ಬೇಕು. ಆ ಸಾಮಾನಿನ ಮೇಲೆ ಲಾಭ ತೆಗೆದವನು ನಾಳೆ ಎದುರಿನವನಿಗೂ ಮಾರುತ್ತಾನೆ. ಬೇಸಿಲ್ ಜಹರಾಫ್ ಅಂತ ಒಬ್ಬನಿದ್ದ. 1880ರ ದಶಕದಲ್ಲಿ ಗ್ರೀಸಿಗೆ ಜಲಾಂತರ್ಗಾಮಿ ಮಾರಿ, ನೋಡಿ ಅವರ ಹತ್ತಿರ ಬಂತು ಅಂತ ಹೆದರಿಸಿ ತುರ್ಕಿಗೆ ಎರಡು ಮಾರಿದ. ಎರಡೂ ಮಾತು ನಿಜ ಆಗಿರುವುದೇ ಕಷ್ಟ ತಮ್ಮಾ. ಒಂದು ಸಿನಿಮಾದಲ್ಲಿ ಎರಡನ್ನೂ ಹಿಡಿಯುವುದು ಇನ್ನೂ ಕಷ್ಟ.

ಮಾತಿನಮದ್ದು

ಸುಮ್ನೆಒಬ್ಬ, ನೀವು ಕೇಳಿದ ಪ್ರಶ್ನೆಯನ್ನೇ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಕೇಳಿತ್ತು. ಹಾಲಿವುಡ್ ನಿರ್ದೇಶಕ ಫ್ರಾಂಕ್ ಕಾಪ್ರಾನಿಂದ ಸೈನಿಕರಿಗಾಗಿ ‘ವೈ ವಿ ಫೈಟ್’ ಸರಣಿ ಮಾಡಿಸಿದರು. ಇದು ಕೆಲಸ ಮಾಡುತ್ತದಾ ಅಂತ ಅಳೆಯಲು ಕಾರ್ಲ್ ಹೊವ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞನ ತಂಡ ಇಟ್ಟರು. ಫಲಿತಾಂಶ 1949ರಲ್ಲಿ ಪುಸ್ತಕವಾಗಿ ಬಂತು.

ಸೈನಿಕರಿಗೆ ವಿಷಯಜ್ಞಾನ ಚೆನ್ನಾಗಿ ಹೆಚ್ಚಿತ್ತು. ಅಭಿಪ್ರಾಯ ಸ್ವಲ್ಪ ಬದಲಾಗಿತ್ತು. ಯುದ್ಧ ಮಾಡುವ ಹುಮ್ಮಸ್ಸು? ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅಷ್ಟು ದುಡ್ಡು, ಅಷ್ಟು ಪ್ರತಿಭೆ ಸುರಿದು ಮಾಡಿದ ಚಿತ್ರ ಮುಖ್ಯ ಉದ್ದೇಶದಲ್ಲೇ ಸೋತಿತ್ತು. ಇದು ಸಿನಿಮಾ ಮಾಡುವವರಿಗೆ ಕಹಿ, ನೋಡುವವರಿಗೆ ಸಮಾಧಾನ. ನಮ್ಮನ್ನು ಅಷ್ಟು ಸುಲಭವಾಗಿ ತಳ್ಳಲಾಗುವುದಿಲ್ಲ.

ಆದರೆ ಇನ್ನೊಂದು ಕಂಡುಬಂತು. ಬ್ರಿಟನ್ ಕದನದ ಕಂತು ನೋಡಿದವರನ್ನು ಐದು ದಿನದ ನಂತರ ಕೇಳಿದರು, ಬೇರೆ ಕೆಲವರನ್ನು ಒಂಬತ್ತು ವಾರದ ನಂತರ. ಒಂಬತ್ತು ವಾರ ಕಳೆದವರು ಮಾಹಿತಿ ಬಹಳಷ್ಟು ಮರೆತಿದ್ದರು. ಕೆಲವು ವಿಷಯಗಳಲ್ಲಿ ಅವರ ಅಭಿಪ್ರಾಯ ಮಾತ್ರ ಮೊದಲಿಗಿಂತ ಜಾಸ್ತಿ ಚಿತ್ರದ ಕಡೆ ವಾಲಿತ್ತು. ಅಂದರೆ ಯಾಕೆ ಹಾಗೆ ಅನ್ನಿಸಿತು ಅನ್ನುವುದು ಅಳಿಸಿಹೋಗಿ, ಅನ್ನಿಸಿಕೆ ಬೆಳೆದಿತ್ತು. ನೀಲಿಪರದೆ ಅವರ ‘ಎಲ್ಲರೂ ಕಳ್ಳರೇ’ ಹೀಗೆ ಬೆಳೆದದ್ದೇ ಇರಬಹುದು. ಅಳು ಎರಡು ದಿನಕ್ಕೆ ಹೋಯಿತು ಅಂತ ನೋಡುತ್ತಾ ಕೂತರೆ, ಎರಡು ತಿಂಗಳ ನಂತರ ಬಂದು ಕೂತದ್ದು ಕಣ್ಣಿಗೆ ಬೀಳುವುದಿಲ್ಲ.

ನೀಲಿಪರದೆ

ಇದು ನನಗೆ ಸರಿಯಾಗಿ ತಾಗಿತು. ‘ಶ್ಯಾಡೋ ವರ್ಲ್ಡ್’ನಲ್ಲಿ ಯಾವ ಒಪ್ಪಂದ, ಎಷ್ಟು ಹಣ ಅಂತ ಈಗ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ದೃಶ್ಯಗಳೂ ಕಲಸಿಹೋಗಿವೆ. ತೀರ್ಮಾನ ಮಾತ್ರ ಗಟ್ಟಿಯಾಗಿದೆ. ಫೈಲುಗುಮಾಸ್ತರು ಹೇಳಿದ 2010ರ ದಂಡದ ಸಂಗತಿ ಕೇಳಿದ ಕೂಡಲೇ ‘ಅದೂ ನಾಟಕವೇ ಇರಬೇಕು’ ಅಂತ ಮನಸ್ಸು ಹೇಳಿತು! ಅದನ್ನು ಹಿಡಿದು ನಿಲ್ಲಿಸಿದೆ. ಇನ್ನೊಂದು ಸಲ ನೋಡುತ್ತೇನೆ, ಈ ಸಲ ಪಕ್ಕದಲ್ಲಿ ಪೆನ್ನು ಇಟ್ಟುಕೊಂಡು.

ಮಲ್ಲಿಗೆದಂಡೆ

ಎಲ್ಲರದೂ ಓದಿದೆ. ನನ್ನದು ಮನೆಯ ಪ್ರಶ್ನೆ. ಹದಿಮೂರು ವರ್ಷದ ಮಗ ಫೋನಿನಲ್ಲಿ ಡ್ರೋನ್ ತುಣುಕುಗಳನ್ನು ನೋಡುತ್ತಿರುತ್ತಾನೆ, ಹಳೇಬೂಟು ಹೇಳಿದ ಹಾಡು ಹಚ್ಚಿದಂಥವು. ಬೈದರೆ ಕದ್ದು ನೋಡುತ್ತಾನೆ. ಅದರ ಬದಲು ಒಂದು ಒಳ್ಳೆಯ ಡಾಕ್ಯುಮೆಂಟರಿ ಜೊತೆಗೆ ಕೂತು ನೋಡೋಣ ಅಂತಿದ್ದೇನೆ. ಮರಿಯುಪೋಲ್ ತೋರಿಸಲಾ?

ಮಾತಿನಮದ್ದು

ಮರಿಯುಪೋಲ್ ಈಗ ಬೇಡ ಮೇಡಂ. ಅದರಲ್ಲಿ ಸಾಯುವ ಮಕ್ಕಳಿದ್ದಾರೆ. ಶಾಕ್ ಕೊಟ್ಟು ಬುದ್ಧಿ ಕಲಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಒಂದೋ ಹೆದರುತ್ತಾನೆ, ಇಲ್ಲ ನನಗೇನೂ ಆಗಲಿಲ್ಲ ಅಂತ ತೋರಿಸಿಕೊಳ್ಳಲು ಗಟ್ಟಿಯಾಗುತ್ತಾನೆ. ಮಲಗುವ ಹೊತ್ತಿಗಂತೂ ಯಾವುದೂ ಬೇಡ.

ಅಡಿಬರಹ

ನೀವು ಮೊದಲು ಒಬ್ಬರೇ ನೋಡಿ, ಆಮೇಲೆ ಅವನಿಗೆ. ಎಲ್ಲಿ ಏನು ಬರುತ್ತದೆ ಅಂತ ಮುಂಚೆಯೇ ಹೇಳಿಬಿಡಿ. ಕಥೆ ಹಾಳಾಗುತ್ತದೆ ಅಂತ ಹಿಂಜರಿಯಬೇಡಿ, ಇದು ಸಸ್ಪೆನ್ಸ್ ಸಿನಿಮಾ ಅಲ್ಲ. ಮಧ್ಯದಲ್ಲಿ ನಿಲ್ಲಿಸುವ ರಿಮೋಟ್ ಅವನ ಕೈಯಲ್ಲೇ ಇರಲಿ.

ಹಳೇಬೂಟು

ಡ್ರೋನ್ ತುಣುಕು ನೋಡುವಾಗ ಒಂದು ಸಲ ಪಕ್ಕದಲ್ಲಿ ಕೂರಿ ಅಮ್ಮಾ. ಬೈಯಬೇಡಿ. ಇದನ್ನು ಯಾರು ತೆಗೆದದ್ದು, ಯಾಕೆ ಹೊರಗೆ ಬಿಟ್ಟರು, ಇದಕ್ಕೆ ಹಾಡು ಯಾರು ಹಾಕಿದ್ದು ಅಂತ ಕೇಳಿ. ಹದಿಮೂರರ ಹುಡುಗರು ಇಂಥದ್ದರಲ್ಲಿ ನಮಗಿಂತ ಚುರುಕು. ಹಾಡು ತೆಗೆದು ಇನ್ನೊಮ್ಮೆ ಹಾಕು ಅನ್ನಿ.

ಲೇತ್‌ಮೆಷಿನ್

ನನ್ನ ಮಗಳಿಗೆ ಹದಿನಾಲ್ಕು. ಅವಳ ಜೊತೆ ‘ನೇ ಪಸರಾನ್’ ನೋಡಿದೆ. ಚಿತ್ರಹಿಂಸೆ ಅನುಭವಿಸಿದವರ ಮಾತು ಬರುತ್ತದೆ, ಅಲ್ಲಿ ನಿಲ್ಲಿಸಿ ಮಾತಾಡಿದೆವು. ಮೊದಲರ್ಧ ಅವಳಿಗೆ ಬೋರ್ ಆಯಿತು, ಅದನ್ನೂ ಹೇಳಿಬಿಡುತ್ತೇನೆ. ಮಾರನೇ ದಿನ ಡ್ರಾಯಿಂಗ್ ಹೇಗಿರುತ್ತದೆ ತೋರಿಸು ಅಂದಳು. ಹೊರಗೆ ತರುವ ಹಾಗಿಲ್ಲ ಅಂದೆ. ‘ಯಾಕೆ?’ ಅಂದಳು.

ಮಲ್ಲಿಗೆದಂಡೆ

ಸರಿ, ಭಾನುವಾರ ಬೆಳಗ್ಗೆ ಅದನ್ನೇ ಹಾಕುತ್ತೇನೆ. ಸ್ಕಾಟ್‌ಲೆಂಡಿನವರ ಇಂಗ್ಲಿಷ್ ನಮಗೆ ಅರ್ಥ ಆಗುತ್ತದಾ, ಇಲ್ಲ ಸಬ್‌ಟೈಟಲ್ ಬೇಕಾ?

ಅಡಿಬರಹ

ಬೇಕು. ಮೊದಲೇ ಆನ್ ಮಾಡಿಕೊಳ್ಳಿ.